ಕೋರ್ಟ್ ಡಿಕ್ರಿ ಆಗಿದೆ, ದುಡ್ಡು ಕಟ್ಟಿಲ್ಲ: ಮುಂದೇನು, ಸಿಬಿಲ್ ಕಥೆ ಏನು?

ಹಣದ ದಾವೆಯಲ್ಲಿ ಡಿಕ್ರಿ (ಇಷ್ಟು ದುಡ್ಡು ಕಟ್ಟಿ ಅನ್ನುವ ಕೋರ್ಟಿನ ಆದೇಶ) ಆದವರು ಮೊದಲು ಕೇಳುವುದು ಎರಡೇ ಪ್ರಶ್ನೆ. "ಜೈಲಿಗೆ ಹಾಕ್ತಾರಾ?" ಇಲ್ಲಾಂದ್ರೆ "ಸಿಬಿಲ್ ಹಾಳಾಯ್ತಾ?" ಎರಡಕ್ಕೂ ಉತ್ತರ ಮುಂದೆ ಇದೆ. ಅದಕ್ಕೂ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ನಮ್ಮಲ್ಲಿ ಕೋರ್ಟಿನ ದಾಖಲೆ ಬೇರೆ, ಸಿಬಿಲ್, ಅಂದರೆ ನಿಮ್ಮ ಸಾಲದ ಚರಿತ್ರೆ ಇಡುವ ಬ್ಯೂರೋದ ದಾಖಲೆ ಬೇರೆ. ಡಿಕ್ರಿ ಆಯ್ತು ಅಂತ ಕೋರ್ಟು ಸಿಬಿಲ್‌ಗೆ ಪತ್ರ ಬರೆಯುವುದಿಲ್ಲ. ನೀವು ಪೈಸೆ ಬಿಡದೆ ಕಟ್ಟಿದರೂ ಅದು ಕೋರ್ಟಿಗೆ ತಾನಾಗಿ ಗೊತ್ತಾಗುವುದಿಲ್ಲ. ಬ್ಯಾಂಕು ಹೇಳುವ ತನಕ ಸಿಬಿಲ್‌ಗೂ ಗೊತ್ತಾಗುವುದಿಲ್ಲ. ಕಟ್ಟಿದ್ದನ್ನು ಎರಡೂ ಕಡೆ ಬರೆಸಿಕೊಂಡು ಬರುವ ಕೆಲಸ ನಿಮ್ಮದೇ. ದುಡ್ಡು ಕಟ್ಟಿಯೂ ವರ್ಷಗಟ್ಟಲೆ ಅಲೆದಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಕರ್ನಾಟಕದ ಸಿವಿಲ್ ಕೋರ್ಟುಗಳಲ್ಲಿ ಆಗುವ ಸಾದಾ ಹಣದ ಡಿಕ್ರಿಯನ್ನು ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಬ್ಯಾಂಕಿನ ಪರ್ಸನಲ್ ಲೋನು, ಫೈನಾನ್ಸ್ ಕಂಪನಿ ಸಾಲ, ಪ್ರೋನೋಟಿನ ಮೇಲೆ ಪಡೆದ ಕೈಸಾಲ, ವ್ಯಾಪಾರದ ಬಾಕಿ, ಇಂಥವು.

ಕೈಯಲ್ಲಿರುವ ಕಾಗದ ಯಾವುದು?

ಕಾಗದ ಬಂದ ತಕ್ಷಣ ಗಾಬರಿ ಬೀಳುವ ಮೊದಲು ಅದು ಏನು ಅಂತ ನೋಡಿ. ವಕೀಲರ ನೋಟಿಸ್ ಡಿಕ್ರಿ ಅಲ್ಲ. ರಿಕವರಿಯವರು ವಾಟ್ಸಾಪ್‌ನಲ್ಲಿ ಕಳಿಸುವ, ಮೇಲೆ ಸಿಂಹದ ಲಾಂಛನ ಇರುವ "ಕೋರ್ಟ್ ಆರ್ಡರ್" ಎಷ್ಟೋ ಸಲ ಏನೂ ಅಲ್ಲ. ನಿಜವಾದ ಕೇಸಿಗೆ ಸಿಎನ್‌ಆರ್ ಅಂತ 16 ಅಕ್ಷರ-ಅಂಕಿಗಳ ನಂಬರ್ ಇರುತ್ತದೆ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲೋ ಆ್ಯಪ್‌ನಲ್ಲೋ ಅದನ್ನು ಹಾಕಿದರೆ ಯಾವ ಕೋರ್ಟು, ಯಾವ ಹಂತ, ಮುಂದಿನ ತಾರೀಖು ಯಾವುದು, ಎಲ್ಲ ಕಾಣುತ್ತದೆ. ನಂಬರ್ ಗೊತ್ತಿಲ್ಲದಿದ್ದರೆ ನಿಮ್ಮ ಹೆಸರು ಮತ್ತು ವರ್ಷ ಹಾಕಿಯೂ ಹುಡುಕಬಹುದು.

ಕೇಸ್ ನಂಬರಿನ ಮುಂದೆ ಓಎಸ್ ಅಂತ ಇದ್ದರೆ ಅದು ಅಸಲು ದಾವೆ. ಎಕ್ಸಿಕ್ಯೂಷನ್ ಅಥವಾ ಅಮಲ್ಜಾರಿ ಅಂತ ಇದ್ದರೆ ಡಿಕ್ರಿ ಆಗಿ ಮುಗಿದು, ಈಗ ವಸೂಲಿ ಶುರುವಾಗಿದೆ ಎಂದರ್ಥ. ಇವೆರಡರಲ್ಲಿ ನೀವು ಮಾಡಬೇಕಾದ ಕೆಲಸ ಬೇರೆ ಬೇರೆ.

ಇನ್ನು ಕೆಲವು ಕಾಗದಗಳು ನೋಡಲು ಹೀಗೇ ಇದ್ದರೂ ದಾರಿ ಬೇರೆ. 20 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ಬ್ಯಾಂಕ್ ಸಾಲ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗುತ್ತದೆ. ಮನೆ ಅಡವಿಟ್ಟ ಸಾಲಕ್ಕೆ ಬ್ಯಾಂಕು ಕೋರ್ಟಿಗೆ ಹೋಗದೆ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸ್ ಕೊಡಬಹುದು. ಸಹಕಾರ ಸಂಘದ ಸಾಲವಾದರೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಸೆಕ್ಷನ್ 70ರ ಕೆಳಗೆ ಅವಾರ್ಡ್ ಆಗುತ್ತದೆ. ಚೆಕ್ ಬೌನ್ಸ್ ಅಂತೂ ಕ್ರಿಮಿನಲ್ ಕೇಸು. ಅಲ್ಲಿ 2 ವರ್ಷದ ತನಕ ಶಿಕ್ಷೆ, ಚೆಕ್ಕಿನ ಮೊತ್ತದ ಎರಡರಷ್ಟು ದಂಡ ಆಗಬಹುದು. ಅದರಲ್ಲಿ ತಾರೀಖು ತಪ್ಪಿಸಿಕೊಂಡರೆ ವಾರಂಟ್ ಬರುತ್ತದೆ. ಈ ಬರಹವನ್ನು ಓದಿಕೊಂಡು ಚೆಕ್ ಬೌನ್ಸ್ ಕೇಸನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ನಕಲು ತೆಗೆಸಿ, ಲೆಕ್ಕ ಹಾಕಿ

ತೀರ್ಪು ಮತ್ತು ಡಿಕ್ರಿ, ಎರಡರದ್ದೂ ದೃಢೀಕೃತ ನಕಲು ಬೇಕು. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ಬಡ್ಡಿ ಎಷ್ಟು, ಯಾವ ತಾರೀಖಿನಿಂದ, ಯಾವ ಮೊತ್ತದ ಮೇಲೆ, ಖರ್ಚು ಯಾರ ಮೇಲೆ ಅನ್ನುವುದು ಡಿಕ್ರಿಯಲ್ಲಿ ಬರೆದಿರುತ್ತದೆ. ಎದುರಿನವರು ಬಾಯಲ್ಲಿ ಹೇಳುವ ಮೊತ್ತವನ್ನು ನಂಬಿ ಕೂರಬೇಡಿ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 34ರ ಪ್ರಕಾರ ಡಿಕ್ರಿ ಆದ ಮೇಲಿನ ಬಡ್ಡಿ ಸಾಮಾನ್ಯವಾಗಿ ವರ್ಷಕ್ಕೆ 6 ಪರ್ಸೆಂಟ್ ದಾಟುವಂತಿಲ್ಲ. ವ್ಯಾಪಾರದ ವ್ಯವಹಾರಕ್ಕೆ ಜಾಸ್ತಿ ಹಾಕಬಹುದು. ಅಸಲು 2,40,000 ರೂಪಾಯಿ, ಬಡ್ಡಿ 6 ಪರ್ಸೆಂಟ್ ಅಂದುಕೊಳ್ಳಿ. ವರ್ಷಕ್ಕೆ 14,400, ತಿಂಗಳಿಗೆ 1,200. ನೀವು ತಿಂಗಳಿಗೆ 1,000 ಕಟ್ಟುತ್ತಾ ಹೋದರೆ ಅಸಲು ಒಂದು ರೂಪಾಯಿಯೂ ಇಳಿಯುವುದಿಲ್ಲ. ಯಾಕೆಂದರೆ ಅರ್ಧಂಬರ್ಧ ಕಟ್ಟಿದ ಹಣ ಮೊದಲು ಬಡ್ಡಿಗೆ, ಖರ್ಚಿಗೆ ಹೋಗುತ್ತದೆ, ಆಮೇಲೆ ಅಸಲಿಗೆ. "ಕಟ್ಟುತ್ತಲೇ ಇದ್ದೇನೆ, ಯಾಕೆ ಕಮ್ಮಿ ಆಗ್ತಿಲ್ಲ" ಅನ್ನುವವರ ಲೆಕ್ಕ ಇಷ್ಟೇ.

ಇನ್ನೊಂದು ತಪ್ಪು ನಂಬಿಕೆ: "ಮೂರು ವರ್ಷ ಸುಮ್ನೆ ಇದ್ದರೆ ಸಾಲ ಸತ್ತುಹೋಗುತ್ತೆ." ಆ ಮೂರು ವರ್ಷ ದಾವೆ ಹಾಕುವುದಕ್ಕೆ ಇರುವ ಗಡುವು. ಡಿಕ್ರಿ ಆದ ಮೇಲೆ ಅದನ್ನು ಜಾರಿ ಮಾಡಿಸಲು 12 ವರ್ಷ ಇದೆ. ಅಮಲ್ಜಾರಿ ಅರ್ಜಿಯನ್ನು 6 ತಿಂಗಳೊಳಗೆ ಮುಗಿಸಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಹಾಗಾಗಿ ಎಳೆದಾಡಿಕೊಂಡು ಹೋಗಬಹುದು ಅನ್ನುವ ಹಳೆಯ ಧೈರ್ಯ ಈಗ ಅಷ್ಟು ಕೆಲಸ ಮಾಡುವುದಿಲ್ಲ.

ಡಿಕ್ರಿಯೇ ಸರಿಯಿಲ್ಲ ಅನ್ನಿಸಿದರೆ

ಇಲ್ಲಿ ದಿನದ ಲೆಕ್ಕ ಮುಖ್ಯ. ನಿಮಗೆ ಸಮನ್ಸೇ ಬಂದಿಲ್ಲ, ಕೇಸು ಇದ್ದದ್ದೇ ಗೊತ್ತಿಲ್ಲ, ನೀವಿಲ್ಲದೆಯೇ ಎಕ್ಸ್‌ಪಾರ್ಟೆ ಡಿಕ್ರಿ ಆಗಿಬಿಟ್ಟಿದೆ ಅಂದುಕೊಳ್ಳಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರ ಕೆಳಗೆ ಅದನ್ನು ರದ್ದು ಮಾಡಿ ಅಂತ ಅರ್ಜಿ ಹಾಕಬಹುದು. ಗಡುವು ಡಿಕ್ರಿ ಆದ ದಿನದಿಂದ 30 ದಿನ. ಸಮನ್ಸ್ ಸರಿಯಾಗಿ ಜಾರಿ ಆಗಿರದಿದ್ದರೆ ನಿಮಗೆ ಗೊತ್ತಾದ ದಿನದಿಂದ 30 ದಿನ. ತಡವಾದರೆ ತಡಕ್ಕೆ ಕಾರಣ ತೋರಿಸಿ ಇನ್ನೊಂದು ಅರ್ಜಿ ಜೊತೆಗೆ ಹಾಕಬೇಕು.

ಆದರೆ ರಿಜಿಸ್ಟರ್ಡ್ ಪೋಸ್ಟ್ ಬಂದಾಗ "ಬೇಡ" ಅಂತ ವಾಪಸ್ ಕಳಿಸಿದ್ದರೆ, ಕೋರ್ಟು ಅದನ್ನು ಜಾರಿ ಆಗಿದೆ ಅಂತಲೇ ತೆಗೆದುಕೊಳ್ಳುತ್ತದೆ. ಕೋರ್ಟಿನ ಅಮೀನ ಬಂದು ಬಾಗಿಲಿಗೆ ಅಂಟಿಸಿ ಹೋಗಿದ್ದೂ ಜಾರಿಯೇ. ಕೋರ್ಟಿನ ಕಾಗದ ತಗೊಂಡರೆ ಸಿಕ್ಕಿಹಾಕಿಕೊಳ್ಳುತ್ತೇವೆ ಅಂತ ಜನ ಅಂದುಕೊಳ್ಳುತ್ತಾರೆ. ತಗೊಳ್ಳದೆ ಇರುವುದೇ ಸಿಕ್ಕಿಹಾಕಿಕೊಳ್ಳುವ ದಾರಿ.

ಕೇಸು ನಡೆಸಿ ಸೋತಿದ್ದರೆ ಮೇಲ್ಮನವಿ ಇದೆ. ಜಿಲ್ಲಾ ಮಟ್ಟದ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ. ನಕಲು ಸಿಗಲು ಹಿಡಿದ ದಿನಗಳನ್ನು ಇದರಲ್ಲಿ ಕಳೆಯುತ್ತಾರೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ತಡೆ ಬೇಕಾದರೆ ಬೇರೆ ಅರ್ಜಿ ಹಾಕಬೇಕು, ಮತ್ತು ಹಣದ ಡಿಕ್ರಿಯಲ್ಲಿ ಕೋರ್ಟು ಒಂದಷ್ಟು ಮೊತ್ತ ಠೇವಣಿ ಇಡಿ ಅಂತ ಹೇಳುವುದು ಮಾಮೂಲು. ಗೆಲ್ಲುವ ಕಾರಣ ಇಲ್ಲದೆ ಬರೀ ಕಾಲ ತಳ್ಳಲು ಮೇಲ್ಮನವಿ ಹಾಕುವುದು ನನ್ನ ಪ್ರಕಾರ ದಂಡ. ಬಡ್ಡಿ ಓಡುತ್ತಲೇ ಇರುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಏನು ಜಪ್ತಿ ಮಾಡಬಹುದು, ಏನು ಮುಟ್ಟುವಂತಿಲ್ಲ

ಕಟ್ಟದೇ ಇದ್ದರೆ ಡಿಕ್ರಿದಾರ, ಅಂದರೆ ಡಿಕ್ರಿ ಪಡೆದವನು, ಅಮಲ್ಜಾರಿ ಅರ್ಜಿ ಹಾಕುತ್ತಾನೆ. ನಿಮ್ಮ ಆಸ್ತಿ ಏನೇನಿದೆ ಅಂತ ಅಫಿಡವಿಟ್ ಕೊಡಲು ಕೋರ್ಟು ಹೇಳಬಹುದು. ಕೊಡದೆ ಧಿಮಾಕು ಮಾಡಿದರೆ ಅದಕ್ಕೇ 3 ತಿಂಗಳವರೆಗೆ ಸಿವಿಲ್ ಜೈಲು ಇದೆ. ಆಮೇಲೆ ಬ್ಯಾಂಕ್ ಖಾತೆ, ಸಂಬಳ, ಗಾಡಿ, ಸೈಟು, ಜಮೀನು, ಹೀಗೆ ಜಪ್ತಿ ಕೇಳುತ್ತಾರೆ.

ಆದರೆ ಅದೇ ಸಂಹಿತೆಯ ಸೆಕ್ಷನ್ 60ರಲ್ಲಿ ಮುಟ್ಟಬಾರದ ವಸ್ತುಗಳ ಪಟ್ಟಿ ಉದ್ದವಾಗಿದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ. ಕುಶಲಕರ್ಮಿಯ ಉಪಕರಣಗಳು. ರೈತನ ನೇಗಿಲು, ಉಳುಮೆಯ ಎತ್ತು, ಬಿತ್ತನೆ ಬೀಜ, ಅವನು ವಾಸ ಮಾಡುವ ಮನೆ. ಕೂಲಿಯವರ ಮತ್ತು ಮನೆಕೆಲಸದವರ ಕೂಲಿ. ಪಿಎಫ್, ಪಿಪಿಎಫ್, ಜೀವ ವಿಮೆಯ ಹಣ, ಸರ್ಕಾರಿ ಪಿಂಚಣಿ. ಇದೆಲ್ಲ ಕೋರ್ಟಿಗೆ ತಾನಾಗಿ ಕಾಣುವುದಿಲ್ಲ. "ಇದು ಸೆಕ್ಷನ್ 60ರಲ್ಲಿ ಬರುತ್ತದೆ, ಬಿಡಿಸಿ" ಅಂತ ನೀವು ಅರ್ಜಿ ಹಾಕಿ ಕೇಳಬೇಕು. ಖಾತೆ ಜಪ್ತಿ ಆಗಿದ್ದರೆ ಅದರಲ್ಲಿರುವುದು ಪಿಂಚಣಿಯೋ ಸಂಬಳವೋ ಅನ್ನುವುದನ್ನು ಸ್ಟೇಟ್‌ಮೆಂಟ್ ಸಮೇತ ತಡಮಾಡದೆ ತೋರಿಸಿ. ನೀವಾಗಿಯೇ ಅಡವಿಟ್ಟ ಆಸ್ತಿಗೂ ಈ ರಕ್ಷಣೆ ಇದೆ ಅಂದುಕೊಳ್ಳಬೇಡಿ.

ಸಂಬಳದ ಲೆಕ್ಕ ಹೀಗೆ. ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರನೇ ಎರಡು ಪಾಲು ಮುಟ್ಟುವಂತಿಲ್ಲ. ಲೆಕ್ಕಕ್ಕೆ ಬರುವ ಸಂಬಳ 31,000 ಇದ್ದರೆ, 1,000 ತೆಗೆದು 30,000. ಅದರಲ್ಲಿ 20,000 ನಿಮ್ಮದು. ಜಪ್ತಿಗೆ ಸಿಗುವುದು ತಿಂಗಳಿಗೆ 10,000. ಅದೂ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಅದಾದ ಮೇಲೆ ಆ ಡಿಕ್ರಿಗೆ ನಿಮ್ಮ ಸಂಬಳವನ್ನು ಮತ್ತೆ ಹಿಡಿಯುವಂತಿಲ್ಲ. ಜೀವನಾಂಶದ ಡಿಕ್ರಿಗೆ ಈ ಲೆಕ್ಕ ಬೇರೆ.

ಈಗ ಜೈಲಿನ ಪ್ರಶ್ನೆ. ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಜೈಲಿಗೆ ಹಾಕುವಂತಿಲ್ಲ. ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಕೈಯಲ್ಲಿ ದುಡ್ಡಿದ್ದೂ ಕಟ್ಟದೆ ಇದ್ದರೆ, ಆಸ್ತಿ ಮರೆಮಾಚಿದ್ದರೆ, ಓಡಿಹೋಗುವ ಲಕ್ಷಣ ಇದ್ದರೆ ಮಾತ್ರ ಆ ಮಾತು. ಅದಕ್ಕೂ ಮೊದಲು ಕಾರಣ ಕೇಳಿ ನೋಟಿಸ್ ಬರುತ್ತದೆ, ವಿಚಾರಣೆ ಆಗುತ್ತದೆ. ಹೆಚ್ಚೆಂದರೆ 3 ತಿಂಗಳು. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಸೂರ್ಯ ಮುಳುಗಿದ ಮೇಲೆ ಅಮೀನ ಮನೆಯೊಳಗೆ ಬರುವಂತಿಲ್ಲ. ಆದರೆ ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಅಂತಲೂ ಇಲ್ಲ. ಅದು ಹಾಗೇ ನಿಂತಿರುತ್ತದೆ.

ಆ ನೋಟಿಸಿಗೆ ಹಾಜರಾಗಿ. ಸಂಬಳದ ಚೀಟಿ, ಮನೆ ಬಾಡಿಗೆ, ಆಸ್ಪತ್ರೆ ಬಿಲ್ಲು, ಮಕ್ಕಳ ಫೀಸು, ಬೇರೆ ಸಾಲದ ಕಂತು, ಎಲ್ಲ ಕಾಗದ ತೆಗೆದುಕೊಂಡು ಹೋಗಿ. ಕಟ್ಟಲಾಗದವನಿಗೂ ಕಟ್ಟದವನಿಗೂ ಇರುವ ವ್ಯತ್ಯಾಸವನ್ನು ಕೋರ್ಟು ಈ ಕಾಗದಗಳಲ್ಲೇ ನೋಡುವುದು.

ಹೆಂಡತಿ ಹೆಸರಿಗೆ ಬರೆದುಬಿಡೋಣ ಅನ್ನುವ ಸಲಹೆ

ಯಾರಾದರೂ ಹೀಗೆ ಹೇಳೇ ಹೇಳುತ್ತಾರೆ, ಅಲ್ವಾ? ಬೇಡ. ಜಪ್ತಿ ಆದ ಮೇಲೆ ಮಾಡಿದ ಮಾರಾಟ ಡಿಕ್ರಿದಾರನ ಮಟ್ಟಿಗೆ ನಿಲ್ಲುವುದಿಲ್ಲ. ಜಪ್ತಿಗೆ ಮೊದಲು ಮಾಡಿದ್ದರೂ, ಸಾಲ ಕೊಟ್ಟವರಿಗೆ ಕೈಕೊಡಲೆಂದೇ ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 53ರಲ್ಲಿ ರದ್ದು ಮಾಡಿಸಬಹುದು. ಅದಕ್ಕಿಂತ ಕೆಟ್ಟದ್ದು, ಜೈಲಿಗೆ ಹಾಕುವಂತಿಲ್ಲ ಅಂತ ಮೇಲೆ ಹೇಳಿದ ರಕ್ಷಣೆಯನ್ನು ನೀವೇ ಕೈಯಾರೆ ಕಳೆದುಕೊಳ್ಳುತ್ತೀರಿ.

ರಾಜಿ, ಕಂತು, ಲೋಕ ಅದಾಲತ್

ಒಂದೇ ಸಲ ಕಟ್ಟಲಾಗದಿದ್ದರೆ ಕಂತು ಕೇಳಬಹುದು. ಕೇಸು ನಡೆಯುವಾಗಲೇ ಕೇಳಿದ್ದರೆ ಕೋರ್ಟು ತಾನೇ ಕಂತು ಮಾಡಿಕೊಡಬಹುದಿತ್ತು. ಡಿಕ್ರಿ ಆದ ಮೇಲೆ ಡಿಕ್ರಿದಾರ ಒಪ್ಪಬೇಕು, ಅರ್ಜಿಗೂ 30 ದಿನದ ಗಡುವು ಇದೆ. ಅದು ದಾಟಿದ್ದರೆ ರಾಜಿಯೇ ದಾರಿ.

ರಾಜಿಗೆ ಲೋಕ ಅದಾಲತ್ ಒಳ್ಳೆಯ ಜಾಗ. ಅಮಲ್ಜಾರಿ ಹಂತದ ಕೇಸನ್ನೂ ಅಲ್ಲಿಗೆ ಹಾಕಿಸಬಹುದು. ಫೀಸಿಲ್ಲ. ಬ್ಯಾಂಕಿನವರು ಬಡ್ಡಿ ಬಿಡುವ ಅಧಿಕಾರ ಇಟ್ಟುಕೊಂಡೇ ಬರುತ್ತಾರೆ. ಆದರೆ ಅಲ್ಲಿ ಆದ ಅವಾರ್ಡಿಗೆ ಮೇಲ್ಮನವಿ ಇಲ್ಲ. ಹಾಗಾಗಿ ಸಹಿ ಹಾಕುವ ಮೊದಲು ಒಂದು ಸಾಲನ್ನು ಹುಡುಕಿ ಓದಿ: ಒಂದು ಕಂತು ತಪ್ಪಿದರೆ ಏನು? "ತಪ್ಪಿದರೆ ಪೂರ್ತಿ ಮೊತ್ತ ಬಡ್ಡಿ ಸಮೇತ" ಅಂತ ಇದ್ದರೆ, ನಿಮ್ಮ ಕೈಲಾಗುವ ಕಂತಿಗಿಂತ ಸ್ವಲ್ಪ ಕಮ್ಮಿಗೇ ಒಪ್ಪಿ. ಎದುರಿನವರನ್ನು ಖುಷಿಪಡಿಸಲು ದೊಡ್ಡ ಕಂತು ಒಪ್ಪಿಕೊಂಡು ಮೂರನೇ ತಿಂಗಳಿಗೆ ತಪ್ಪಿಸುವುದರಿಂದ ಯಾರಿಗೂ ಲಾಭ ಇಲ್ಲ.

ಬ್ಯಾಂಕಿನ ಜೊತೆ ನೇರವಾಗಿ ಒನ್ ಟೈಮ್ ಸೆಟಲ್‌ಮೆಂಟ್ ಮಾಡಿಕೊಳ್ಳುವುದಾದರೆ ಮೊತ್ತ, ಕಡೆಯ ತಾರೀಖು, ಕೋರ್ಟಿನ ಕೇಸು ಯಾರು ಯಾವಾಗ ಮುಗಿಸುತ್ತಾರೆ, ಸಿಬಿಲ್‌ನಲ್ಲಿ ಏನಂತ ಬರೆಯುತ್ತಾರೆ, ಈ ನಾಲ್ಕೂ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಬರಲಿ. ಏಜೆಂಟನ ಬಾಯಿಮಾತಿಗೆ ದುಡ್ಡು ಕೊಡಬೇಡಿ. ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಅನ್ನುವ ಆರ್‌ಬಿಐ ನಿಯಮವೂ ನೆನಪಿರಲಿ.

ಕಟ್ಟುವುದು ಹೇಗೆ, ಬರೆಸುವುದು ಹೇಗೆ

ನಿಧಾನವಾಗಿ ಓದಬೇಕಾದ ಭಾಗ ಇದು.

ಕಟ್ಟಲು ಎರಡು ದಾರಿ. ಒಂದು, ಕೋರ್ಟಿಗೇ ಠೇವಣಿ. ಅಮಲ್ಜಾರಿ ನಡೆಯುತ್ತಿರುವ ಕೋರ್ಟಿನಲ್ಲಿ ಮೆಮೊ ಹಾಕಿ, ಚಲನ್ ಪಡೆದು ಕಟ್ಟುವುದು. ಕಟ್ಟಿದ ಮೇಲೆ ಡಿಕ್ರಿದಾರನಿಗೆ ಕೋರ್ಟಿನ ಮೂಲಕ ಅಥವಾ ಸ್ವೀಕೃತಿ ಸಮೇತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕೊಡಬೇಕು. ಆ ನೋಟಿಸ್ ಅವನಿಗೆ ಮುಟ್ಟಿದ ದಿನದಿಂದ ಕಟ್ಟಿದ ಮೊತ್ತದ ಮೇಲೆ ಬಡ್ಡಿ ನಿಲ್ಲುತ್ತದೆ. ಎದುರಿನವನು "ನನಗೆ ಬೇಡ, ಪೂರ್ತಿ ಕೊಡು" ಅಂತ ಆಟ ಆಡುತ್ತಿದ್ದರೆ ಇದೇ ಮದ್ದು.

ಇನ್ನೊಂದು, ಕೋರ್ಟಿನ ಹೊರಗೆ ನೇರವಾಗಿ ಕೊಡುವುದು. ಹೆಚ್ಚಿನವರು ಮಾಡುವುದು ಇದನ್ನೇ, ಕೆಡುವುದೂ ಇಲ್ಲೇ. ಹೊರಗೆ ಕೊಟ್ಟ ಹಣವನ್ನು ಕೋರ್ಟಿನಲ್ಲಿ ದಾಖಲು ಮಾಡಿಸದಿದ್ದರೆ, ಅಮಲ್ಜಾರಿ ಕೋರ್ಟು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವಂತಿಲ್ಲ. ಆದೇಶ 21, ನಿಯಮ 2 ಹೀಗೇ ಹೇಳುತ್ತದೆ. ಅಂದರೆ ನೀವು ಪೂರ್ತಿ ಕೊಟ್ಟಿದ್ದರೂ, ಡಿಕ್ರಿದಾರ ಎರಡು ವರ್ಷ ಬಿಟ್ಟು ಅದೇ ಡಿಕ್ರಿ ಹಿಡಿದು ಮತ್ತೆ ಜಪ್ತಿಗೆ ಬರಬಹುದು. ದಾಖಲಿಸಬೇಕಾದವನು ಡಿಕ್ರಿದಾರ. ಅವನು ಮಾಡದಿದ್ದರೆ ನೀವೇ ಅರ್ಜಿ ಹಾಕಬಹುದು, ಆದರೆ ಕೊಟ್ಟ ದಿನದಿಂದ 30 ದಿನದೊಳಗೆ. ಬೇರೆ ಅರ್ಜಿಗಳಲ್ಲಿ ತಡವನ್ನು ಮನ್ನಿಸುವ ಅವಕಾಶ ಇರುತ್ತದೆ. ಆದೇಶ 21ರ ಅರ್ಜಿಗಳಿಗೆ ಅದು ಇಲ್ಲ. 31ನೇ ದಿನ ಹೋದರೆ ಬಾಗಿಲು ಮುಚ್ಚಿರುತ್ತದೆ.

ನಗದು ಕೊಡಬೇಡಿ. ನೆಫ್ಟ್, ಚೆಕ್, ಡಿಡಿ, ಯಾವುದಾದರೂ ಬ್ಯಾಂಕ್ ಮೂಲಕ ಇರಲಿ. ಟ್ರಾನ್ಸ್‌ಫರ್ ಮಾಡುವಾಗ ವಿವರದ ಜಾಗದಲ್ಲಿ ಕೇಸ್ ನಂಬರ್ ಬರೆಯಿರಿ. ಕೊಟ್ಟ ಅದೇ ವಾರ ಇಬ್ಬರ ಸಹಿಯ ಜಂಟಿ ಮೆಮೊ ಕೋರ್ಟಿಗೆ ಹಾಕಿಸಿ. ಅದರಲ್ಲಿ ಸುತ್ತಿಬಳಸಿ ಬರೆಯುವುದು ಬೇಕಿಲ್ಲ. ಇಂಥ ಮಾತು ಸಾಕು:

"ಓಎಸ್ ನಂಬರ್ ಇಂಥದ್ದರ ಡಿಕ್ರಿಯ ಪೂರ್ತಿ ಮೊತ್ತ, ಬಡ್ಡಿ ಮತ್ತು ಖರ್ಚು ಸೇರಿ ಇಷ್ಟು ರೂಪಾಯಿ, ಇಂಥ ತಾರೀಖು, ಇಂಥ ಯುಟಿಆರ್ (ಬ್ಯಾಂಕ್ ವರ್ಗಾವಣೆ) ನಂಬರಿನ ಮೂಲಕ ಡಿಕ್ರಿದಾರರಿಗೆ ಸಂದಾಯವಾಗಿದೆ. ಡಿಕ್ರಿ ಪೂರ್ಣ ತೃಪ್ತಿಯಾಗಿದೆ ಎಂದು ದಾಖಲಿಸಿಕೊಂಡು ಅಮಲ್ಜಾರಿ ಮುಕ್ತಾಯಗೊಳಿಸಬೇಕು."

ನಂತರ ಕೋರ್ಟು ಏನು ಆದೇಶ ಬರೆದಿದೆ ನೋಡಿ. ಪೂರ್ಣ ತೃಪ್ತಿ ಅಂತ ದಾಖಲಿಸಿ ಮುಗಿಸಿದ್ದರೆ ಸರಿ. ಬರೀ "ಹಾಜರಿಲ್ಲದ ಕಾರಣ ವಜಾ" ಅಂತ ಇದ್ದರೆ ಅಲ್ಲಿಗೆ ಮುಗಿದಿಲ್ಲ, 12 ವರ್ಷದೊಳಗೆ ಮತ್ತೆ ಹೊಸ ಅಮಲ್ಜಾರಿ ಹಾಕಬಹುದು. ಇ-ಕೋರ್ಟ್ಸ್‌ನಲ್ಲಿ ಎರಡಕ್ಕೂ "ಮುಕ್ತಾಯ" ಅಂತಲೇ ತೋರಿಸುತ್ತದೆ. ಆದೇಶದ ಪ್ರತಿ ತೆಗೆದು ಓದಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಆ ಆದೇಶದ ದೃಢೀಕೃತ ನಕಲು ಎರಡು ಮಾಡಿಸಿಡಿ. ಒಂದು ಮನೆಗೆ, ಒಂದು ಬ್ಯಾಂಕಿಗೆ.

ಜಮೀನೋ ಸೈಟೋ ಜಪ್ತಿ ಆಗಿದ್ದರೆ ಇನ್ನೊಂದು ಕೆಲಸ ಉಳಿದಿದೆ. ಹಣ ಕಟ್ಟಿ ದಾಖಲಾದ ಕೂಡಲೇ ಕಾನೂನಿನ ಪ್ರಕಾರ ಜಪ್ತಿ ಬಿಟ್ಟುಹೋಗುತ್ತದೆ. ಆದರೆ ಪಹಣಿಯ 11ನೇ ಕಾಲಂನಲ್ಲಿ ಬರೆದದ್ದು ಹಾಗೇ ಕೂತಿರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಗೂ ಆದೇಶ ಹೋಗಿದ್ದರೆ ಇಸಿಯಲ್ಲೂ (ಋಣಭಾರ ಪತ್ರ) ಕಾಣುತ್ತದೆ. ಜಪ್ತಿ ತೆರವಿನ ಪತ್ರವನ್ನು ತಹಶೀಲ್ದಾರ್ ಕಚೇರಿಗೂ ಸಬ್ ರಿಜಿಸ್ಟ್ರಾರ್‌ಗೂ ಕಳಿಸಿ ಅಂತ ಕೋರ್ಟಿನಲ್ಲಿ ಕೇಳಿ. ಕಳಿಸಿದ ಮೇಲೆ ಹೊಸ ಪಹಣಿ ತೆಗೆದು ನೋಡಿ.

ಹರಾಜಿನ ತನಕ ಹೋಗಿದ್ದರೆ

ಹರಾಜಿಗೆ ಮೊದಲು "ನಾನೇ ಮಾರಿ ಅಥವಾ ಅಡವಿಟ್ಟು ಕಟ್ಟುತ್ತೇನೆ, ಸಮಯ ಕೊಡಿ" ಅಂತ ಕೇಳಲು ಆದೇಶ 21, ನಿಯಮ 83 ಇದೆ. ಹರಾಜಿಗಿಂತ ಖಾಸಗಿ ಮಾರಾಟದಲ್ಲಿ ಸಾಮಾನ್ಯವಾಗಿ ಬೆಲೆ ಜಾಸ್ತಿ ಸಿಗುತ್ತದೆ, ಹಾಗಾಗಿ ಇದನ್ನು ಬಿಡಬೇಡಿ.

ಹರಾಜು ಆಗಿಯೇ ಹೋಗಿದ್ದರೂ 60 ದಿನ ಇದೆ. ನಿಯಮ 89ರಲ್ಲಿ ಡಿಕ್ರಿ ಬಾಕಿ ಜೊತೆಗೆ ಹರಾಜಿನ ಮೊತ್ತದ 5 ಪರ್ಸೆಂಟ್ ಠೇವಣಿ ಇಟ್ಟರೆ ಹರಾಜು ರದ್ದಾಗುತ್ತದೆ. ಬಾಕಿ 2,60,000, ಸೈಟು 10 ಲಕ್ಷಕ್ಕೆ ಹೋಗಿದೆ ಅಂದರೆ, ಕೊಂಡವನಿಗೆ 50,000 ಸೇರಿಸಿ 3,10,000 ಕಟ್ಟಿ ಸೈಟು ಉಳಿಸಿಕೊಳ್ಳಬಹುದು.

ಜಾಮೀನು ಹಾಕಿದವರು, ವಾರಸುದಾರರು

ಜಾಮೀನುದಾರನ ಹೊಣೆ ಸಾಲಗಾರನಷ್ಟೇ. "ಮೊದಲು ಅವನನ್ನು ಹಿಡಿಯಿರಿ" ಅನ್ನುವ ಹಕ್ಕು ಸಾಮಾನ್ಯವಾಗಿ ಇಲ್ಲ. ಬ್ಯಾಂಕಿಗೆ ಯಾರ ಸಂಬಳ ಸುಲಭವೋ ಅವರನ್ನೇ ಹಿಡಿಯುತ್ತದೆ, ಸಾಮಾನ್ಯವಾಗಿ ಅದು ಸರ್ಕಾರಿ ನೌಕರಿಯ ಜಾಮೀನುದಾರ. ಕಟ್ಟಿದರೆ ಆ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕಿದೆ. ಕಟ್ಟಿದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು.

ತಂದೆಯ ಮೇಲಿನ ಡಿಕ್ರಿಗೆ ಮಕ್ಕಳು ಹೊಣೆಯಾಗುವುದು ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಮಗನ ಸ್ವಂತ ಸಂಬಳಕ್ಕೆ ಅದು ಬರುವುದಿಲ್ಲ. ಸಿಬಿಲ್‌ಗೂ ಬರುವುದಿಲ್ಲ.

ಸಿಬಿಲ್‌ನಲ್ಲಿ ಏನು ಕಾಣುತ್ತದೆ

ಜನ ಸಿಬಿಲ್ ಅನ್ನುತ್ತಾರೆ, ಆದರೆ ಬ್ಯೂರೋಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಇವಕ್ಕೆ ಮಾಹಿತಿ ಕೊಡುವುದು ಬ್ಯಾಂಕು, ಫೈನಾನ್ಸ್ ಕಂಪನಿಯಂಥ ಸದಸ್ಯ ಸಂಸ್ಥೆಗಳು. ಹಾಗಾಗಿ ಪಕ್ಕದ ಬೀದಿಯವರ ಕೈಸಾಲದ ಮೇಲೆ ಆದ ಡಿಕ್ರಿ ನಿಮ್ಮ ಕ್ರೆಡಿಟ್ ರಿಪೋರ್ಟಿನಲ್ಲಿ ಬರುವುದೇ ಇಲ್ಲ. ಹಾಗಂತ ಹೊಸ ಸಾಲ ಸಲೀಸು ಅಂತಲ್ಲ. ಹೋಮ್ ಲೋನ್ ಕೊಡುವ ಮೊದಲು ಬ್ಯಾಂಕಿನ ವಕೀಲರು ಇಸಿ, ಪಹಣಿ ನೋಡುತ್ತಾರೆ. ಇ-ಕೋರ್ಟ್ಸ್‌ನಲ್ಲಿ ನಿಮ್ಮ ಹೆಸರು ಹಾಕಿ ಹುಡುಕುವುದೂ ಉಂಟು.

ಬ್ಯಾಂಕ್ ಸಾಲವಾದರೆ ಪೆಟ್ಟು ಬೀಳುವುದು ಡಿಕ್ರಿಗಿಂತ ಬಹಳ ಮುಂಚೆ. ಕಂತು ತಪ್ಪಿದ ದಿನಗಳ ಲೆಕ್ಕ, 90 ದಿನ ದಾಟಿದ ಮೇಲೆ ಎನ್‌ಪಿಎ (ಕೆಟ್ಟ ಸಾಲ), ಆಮೇಲೆ "ಸೂಟ್ ಫೈಲ್ಡ್" (ದಾವೆ ಹೂಡಿದೆ), ಕೊನೆಗೆ "ರಿಟನ್ ಆಫ್". ಡಿಕ್ರಿ ಬರುವ ಹೊತ್ತಿಗೆ 300ರಿಂದ 900ರ ಸ್ಕೋರಿನಲ್ಲಿ ನಿಮ್ಮದು ಆಗಲೇ ನೆಲ ಹಿಡಿದಿರುತ್ತದೆ. ರಿಟನ್ ಆಫ್ ಅಂದರೆ ಸಾಲ ಮನ್ನಾ ಅಂತ ತಿಳಿದು ಸುಮ್ಮನಾಗುವವರಿದ್ದಾರೆ. ಅದು ಬ್ಯಾಂಕಿನ ಒಳಗಿನ ಲೆಕ್ಕ. ವಸೂಲಿ ಹಕ್ಕು ಹಾಗೇ ಇರುತ್ತದೆ.

ಕಟ್ಟಿದ ಮೇಲೆ ಏನು ಬರೆಯುತ್ತಾರೆ ಅನ್ನುವುದು ನೀವು ಎಷ್ಟು ಕಟ್ಟಿದಿರಿ ಅನ್ನುವುದರ ಮೇಲೆ. ಪೂರ್ತಿ ಕಟ್ಟಿದರೆ "ಕ್ಲೋಸ್ಡ್". ಬಡ್ಡಿಯೋ ಅಸಲೋ ಬಿಡಿಸಿಕೊಂಡು ಕಟ್ಟಿದರೆ "ಸೆಟಲ್ಡ್". ಮುಂದಿನ ಬ್ಯಾಂಕಿನ ಕಣ್ಣಿಗೆ ಸೆಟಲ್ಡ್ ಅಂದರೆ "ಇವರಿಂದ ಒಬ್ಬರಿಗೆ ಮೊದಲೇ ನಷ್ಟ ಆಗಿದೆ". ಆರ್‌ಬಿಐನ 2023ರ ನಿಯಮದಂತೆ, ಹೀಗೆ ರಾಜಿ ಮಾಡಿಕೊಂಡ ಸಂಸ್ಥೆಯೇ ನಿಮಗೆ ಮತ್ತೆ ಸಾಲ ಕೊಡಲು ಕನಿಷ್ಠ 12 ತಿಂಗಳು ಕಾಯಬೇಕು, ಕೃಷಿ ಸಾಲ ಬಿಟ್ಟು. ಇನ್ನೆರಡು ವರ್ಷದಲ್ಲಿ ಮನೆ ಸಾಲ ಬೇಕು ಅಂತಿದ್ದರೆ, ಬಿಡಿಸಿಕೊಳ್ಳುವ ಮೊತ್ತ ಸಣ್ಣದಾಗಿದ್ದರೆ, ಪೂರ್ತಿ ಕಟ್ಟಿಬಿಡುವುದೇ ಮೇಲು. ಅಂಥ ಯೋಚನೆ ಇಲ್ಲ, ಮನೆ ನಡೆಯುವುದೇ ಕಷ್ಟ ಅಂದರೆ ಸೆಟಲ್ ಮಾಡಿ ಮುಗಿಸಿ. ಸ್ಕೋರ್ ಕಾಯುತ್ತದೆ, ಓಡುವ ಬಡ್ಡಿ ಕಾಯುವುದಿಲ್ಲ.

ಬ್ಯೂರೋಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಅಂತ ನಿಯಮ ಇದೆ. ಅದನ್ನೇ ಜನ "7 ವರ್ಷಕ್ಕೆ ಅಳಿಸಿಹೋಗುತ್ತೆ" ಅಂತ ಮಾಡಿಕೊಂಡಿದ್ದಾರೆ. ಕನಿಷ್ಠ ಅನ್ನುವುದನ್ನು ಗಮನಿಸಿ.

ರಿಪೋರ್ಟ್ ಸರಿ ಮಾಡಿಸುವ ಕ್ರಮ

ಬ್ಯಾಂಕಿನಿಂದ ನೋ ಡ್ಯೂಸ್ ಪತ್ರ ತೆಗೆದುಕೊಳ್ಳಿ. ಮನೆ ಪತ್ರಗಳನ್ನು ಇಟ್ಟುಕೊಂಡಿದ್ದರೆ ಸಾಲ ತೀರಿದ 30 ದಿನದೊಳಗೆ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಇದೆ. ಬ್ಯಾಂಕುಗಳು 2025ರ ಜನವರಿಯಿಂದ ಬ್ಯೂರೋಗಳಿಗೆ ತಿಂಗಳಿಗೆ ಎರಡು ಸಲವಾದರೂ ಮಾಹಿತಿ ಕಳಿಸಬೇಕು. ಹಾಗಾಗಿ ಕಟ್ಟಿದ ಒಂದೂವರೆ ತಿಂಗಳಿಗೆ ರಿಪೋರ್ಟ್ ತೆಗೆದು ನೋಡಿ. ನಾಲ್ಕೂ ಬ್ಯೂರೋ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು, ದುಡ್ಡು ಕೊಟ್ಟು ತೆಗೆಯಬೇಕಿಲ್ಲ.

ನೋಡಬೇಕಾದ್ದು ಬಾಕಿ ಮೊತ್ತ ಸೊನ್ನೆ ಆಗಿದೆಯಾ, ಸ್ಥಿತಿ ಬದಲಾಗಿದೆಯಾ, ಸೂಟ್ ಫೈಲ್ಡ್ ಹೋಗಿದೆಯಾ. ಆಗಿಲ್ಲದಿದ್ದರೆ ಬ್ಯೂರೋದ ವೆಬ್‌ಸೈಟಿನಲ್ಲಿ ಡಿಸ್ಪ್ಯೂಟ್ ಹಾಕಿ, ಬ್ಯಾಂಕಿಗೂ ಕೋರ್ಟಿನ ಪೂರ್ಣ ತೃಪ್ತಿಯ ಆದೇಶ ಲಗತ್ತಿಸಿ ಬರೆಯಿರಿ. ಬ್ಯೂರೋ ತಾನಾಗಿ ತಿದ್ದುವುದಿಲ್ಲ, ಬ್ಯಾಂಕನ್ನು ಕೇಳುತ್ತದೆ. 30 ದಿನದಲ್ಲಿ ಬಗೆಹರಿಯದಿದ್ದರೆ 31ನೇ ದಿನದಿಂದ ದಿನಕ್ಕೆ 100 ರೂಪಾಯಿ ನಿಮಗೆ ಪರಿಹಾರ. ಅದಕ್ಕೂ ಬಗ್ಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಪೋರ್ಟಲಿನಲ್ಲಿ ದೂರು ಕೊಡಿ. ಫೀಸಿಲ್ಲ, ಬ್ಯಾಂಕ್ ಮತ್ತು ಬ್ಯೂರೋ ಎರಡರ ಮೇಲೂ ಕೊಡಬಹುದು. ವಿಚಾರಿಸಲು 14448.

"ಸಿಬಿಲ್ ಕ್ಲೀನ್ ಮಾಡಿಕೊಡ್ತೀವಿ" ಅನ್ನುವವರಿಗೆ ದುಡ್ಡು ಸುರಿಯಬೇಡಿ. ನಿಜವಾದ ಮಾಹಿತಿಯನ್ನು ಅವರು ಅಳಿಸಲಾರರು, ಸುಳ್ಳು ಮಾಹಿತಿಯನ್ನು ನೀವೇ ಬಿಟ್ಟಿಯಾಗಿ ತಿದ್ದಿಸಬಹುದು.

ಸ್ಕೋರ್ ಮತ್ತೆ ಕಟ್ಟಲು ಎಫ್‌ಡಿ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಿ. ಮಿತಿಯ ಮೂರನೇ ಒಂದು ಭಾಗ ದಾಟದಂತೆ ಬಳಸಿ, ಬಿಲ್ಲನ್ನು ಪೂರ್ತಿ ಕಟ್ಟಿ. ಒಂದು ವರ್ಷದ ತನಕ ಬೇರೆ ಕಡೆ ಸಾಲಕ್ಕೆ ಅರ್ಜಿ ಹಾಕುತ್ತಾ ಹೋಗಬೇಡಿ, ಪ್ರತಿ ಅರ್ಜಿಯೂ ರಿಪೋರ್ಟಿನಲ್ಲಿ ವಿಚಾರಣೆಯಾಗಿ ದಾಖಲಾಗುತ್ತದೆ. ಆಮೇಲೆ ಹೋಮ್ ಲೋನಿಗೆ ಹೋಗುವಾಗ ಕೋರ್ಟಿನ ಆದೇಶ, ನೋ ಡ್ಯೂಸ್, ಹೊಸ ಪಹಣಿ ಅಥವಾ ಇಸಿ, ಮೂರನ್ನೂ ಅರ್ಜಿಯ ಜೊತೆಗೇ ಕೊಡಿ. ಅವರ ವಕೀಲರು ಇ-ಕೋರ್ಟ್ಸ್‌ನಲ್ಲಿ ನಿಮ್ಮ ಹೆಸರು ಕಂಡು ಫೈಲು ಪಕ್ಕಕ್ಕಿಡುವ ಮೊದಲೇ ಉತ್ತರ ಅವರ ಮೇಜಿನ ಮೇಲೆ ಇರುತ್ತದೆ.